ಮಾತು ಬಿಟ್ಟವರ ಬೆಂಚು

ನಮ್ಮೂರಿನಲ್ಲಿ ಬೋಟು ನಡೆಸುವ ತಾಂಡೇಲನಿಗೆ ದಡದ ಮೇಲೆ ಮಾತು ಬಿಟ್ಟವರು ಒಬ್ಬರಾದರೂ ಇರಬೇಕು. ಇದು ಬಂದರು ಕಚೇರಿಯ ನಿಯಮ. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯನ್ನು ದಾಟಿದ ಮೇಲೆ ವೈರ್‌ಲೆಸ್ ಸೆಟ್ಟಿನಲ್ಲಿ ಬಾಣಲೆಯಲ್ಲಿ ಮೀನು ಹುರಿದ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಹೊರಗೆ ಬೋಟಿಗೆ ಅಪಾಯವಾಗಿ ತಾಂಡೇಲ ಸಹಾಯಕ್ಕೆ ಕೂಗಿದರೆ ಆ ಕೂಗು ಬರುವುದು ದಡದಲ್ಲಿರುವ ಒಬ್ಬರ ಬಾಯಿಂದ. ಹೆಂಡತಿಯ ಬಾಯಿಂದಲ್ಲ, ಹೆತ್ತ ತಾಯಿಯ ಬಾಯಿಂದಲ್ಲ, ಜೀವದ ಗೆಳೆಯನ ಬಾಯಿಂದಲೂ ಅಲ್ಲ. ಅವನ ಮೇಲೆ ಮುನಿಸಿಕೊಂಡು ಮಾತು ಬಿಟ್ಟವರ ಬಾಯಿಂದ. ನನ್ನ ಅಣ್ಣ ದಾಮೋದರನ ಬೋಟು ‘ಜಲದುರ್ಗೆ’ಗೆ ಹತ್ತೊಂಬತ್ತು ವರ್ಷಗಳಿಂದ ನನ್ನ ಬಾಯಿಯೇ ಗತಿ.

ಪರ ಊರಿನವರು ಇದನ್ನು ಕೇಳಿ ನಗುತ್ತಾರೆ. ನಮಗೆ ನಗುವಷ್ಟು ಪುರುಸೊತ್ತಿಲ್ಲ, ಜಗಳ ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ. ಕಚೇರಿಯ ರಿಜಿಸ್ಟರಿನಲ್ಲಿ ಬೋಟಿನ ಹೆಸರು, ತಾಂಡೇಲನ ಹೆಸರು, ಮಾತು ಬಿಟ್ಟವರ ಹೆಸರು, ಕೊನೆಯ ಕಾಲಮ್ಮಿನಲ್ಲಿ ಕಾರಣ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆಯೇ ಇರುವುದರಿಂದ ಅದನ್ನು ಬರೆದುಕೊಳ್ಳುವುದಿಲ್ಲ. ಬೇಲಿ ಜಗಳ ಎಲ್ಲಕ್ಕಿಂತ ಬಾಳಿಕೆಯದು. ಹಲಸಿನ ಮರದ ಕೊಂಬೆ ಪಕ್ಕದ ಅಂಗಳಕ್ಕೆ ಬಾಗಿತೆಂದು ಶುರುವಾದ ಒಂದು ಜಗಳ ಮೂರು ತಲೆಮಾರು ನಡೆದು ಆರು ಬೋಟುಗಳನ್ನು ಉಳಿಸಿದೆ. ಆ ಮರ ಗಾಳಿಗೆ ಬಿದ್ದಾಗ ಎರಡೂ ಮನೆಯವರು ಗಾಬರಿಯಾಗಿ, ಒಬ್ಬರಿಗೊಬ್ಬರು ಮಾತಾಡದೆಯೇ, ಅದೇ ಜಾಗದಲ್ಲಿ ಇನ್ನೊಂದು ಸಸಿ ನೆಟ್ಟರು. ಸುಮ್ಮನೆ ನಾಟಕದ ಜಗಳವಾಡಿ ಹೆಸರು ಬರೆಸಿದವರೂ ಇದ್ದರು. ಪರೀಕ್ಷೆಯ ದಿನ ಅವರ ಬಾಯಿಂದ ಆಕಳಿಕೆ ಬಿಟ್ಟು ಬೇರೇನೂ ಹೊರಡಲಿಲ್ಲ. ರಾಜಿ ಪಂಚಾಯಿತಿ ಮಾಡುವವರನ್ನು ಕಂಡರೆ ನಮ್ಮ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆ.

ಪರೀಕ್ಷೆ ತಿಂಗಳ ಮೊದಲ ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಬೋಟುಗಳು ಅಳಿವೆಯ ಆಚೆ ಹೋಗಿ ಸಾಲಾಗಿ ನಿಲ್ಲುತ್ತವೆ. ನಾವು ದಕ್ಕೆಯ ಮೇಲೆ, ಬೋಟು ಕಟ್ಟುವ ಕಟ್ಟೆಯ ಪಕ್ಕದ ಶೀಟಿನ ಮಾಡಿನ ಕೆಳಗೆ, ಉದ್ದನೆಯ ಬೆಂಚಿನಲ್ಲಿ ಕೂರುತ್ತೇವೆ. ಬಂದರು ಕಚೇರಿಯ ಶಾನುಭಾಗರು ರಿಜಿಸ್ಟರು ಬಿಡಿಸಿಕೊಂಡು ಒಂದೊಂದೇ ಬೋಟಿನ ಹೆಸರು ಕೂಗುತ್ತಾರೆ. ನನ್ನ ಸರದಿ ಬಂದಾಗ ಬಾಯಿ ತಾನಾಗಿ ತೆರೆಯುತ್ತದೆ. ನಾಲಿಗೆಗೆ ಉಪ್ಪು ಮತ್ತು ಡೀಸೆಲಿನ ರುಚಿ ಹತ್ತುತ್ತದೆ, ಗಂಟಲಿನಿಂದ ಅಣ್ಣನ ದಪ್ಪ ಸ್ವರ ಬರುತ್ತದೆ: “ಜಲದುರ್ಗೆ. ಏಳು ಜನ. ಎಲ್ಲ ಸರಿ.” ಶಾನುಭಾಗರು ಗುರುತು ಹಾಕುತ್ತಾರೆ. ನಾನು ಒಂದು ಲೋಟ ನೀರು ಕುಡಿದು ಮನೆಗೆ ಹೋಗಿ ಹೊಲಿಗೆಗೆ ಕೂರುತ್ತೇನೆ. ನನ್ನ ಕೆಲಸ ಲೈಫ್ ಜಾಕೆಟ್ ಹೊಲಿಯುವುದು. ಊರಿನ ಎಲ್ಲ ಬೋಟಿನವರ ಎದೆಯ ಅಳತೆ ನನಗೆ ಬಾಯಿಪಾಠ.

ನಮ್ಮ ಜಗಳದ ಕಾರಣ ‘ಮದುವೆ’ ಎಂದು ರಿಜಿಸ್ಟರಿನಲ್ಲಿದೆ. ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ ಹೊಳೆಯಾಚೆಯ ಊರಿನ ಶಾಲೆಯ ಮೇಷ್ಟ್ರೊಬ್ಬರು ನನ್ನನ್ನು ನೋಡಲು ಬಂದರು. ಎಲ್ಲ ಒಪ್ಪಿಗೆಯಾಗಿ ಅವಲಕ್ಕಿ ತಿನ್ನುವಾಗ ಅಣ್ಣ ಹುಡುಗನ ತಂದೆಗೆ, “ನಮ್ಮ ವಾರಿಜನಿಗೆ ನಿದ್ರೆಯಲ್ಲಿ ಬೊಬ್ಬೆ ಹಾಕುವ ಅಭ್ಯಾಸ ಉಂಟು, ನಿಮಗೆ ಇನ್ನು ಕಳ್ಳರ ಹೆದರಿಕೆ ಇಲ್ಲ” ಎಂದು ಹೇಳಿ ತಾನೇ ನಕ್ಕ. ಅವರು ನಗಲಿಲ್ಲ. ಆಮೇಲೆ ಆ ಕಡೆಯಿಂದ ಸುದ್ದಿಯೂ ಬರಲಿಲ್ಲ. “ತಮಾಷೆಗೆ ಹೇಳಿದ್ದು ಮಾರಾಯ್ತಿ” ಎಂದು ಅಣ್ಣ ಒಂದು ವಾರ ನನ್ನ ಹಿಂದೆ ಮುಂದೆ ಸುತ್ತಿದ. ನಾನು ಮಾತು ಬಿಟ್ಟೆ. ಹಾಗೆ ಬಿಟ್ಟ ಮೇಲೆ ಅದು ರಿಜಿಸ್ಟರಿಗೆ ಹತ್ತಿತು, ರಿಜಿಸ್ಟರಿಗೆ ಹತ್ತಿದ್ದನ್ನು ಮುರಿಯಲು ಯಾರಿಗೂ ಮನಸ್ಸಾಗಲಿಲ್ಲ.

ಐದು ವರ್ಷ ಕಳೆದು ಅಮ್ಮ ತೀರಿಕೊಂಡಳು. ನಾನು ಆಗ ಜಾಕೆಟ್ ಹೊಲಿಯುವುದನ್ನು ಕಲಿಯಲು ದೂರದ ಬಂದರಿಗೆ ಹೋಗಿದ್ದೆ. ಅಣ್ಣನ ಹೆಂಡತಿ ಜಲಜತ್ತಿಗೆ ತನ್ನ ತಂಗಿಯ ಬಾಣಂತನಕ್ಕೆಂದು ತವರಿನಲ್ಲಿದ್ದಳು. ಮನೆಯಲ್ಲಿದ್ದದ್ದು ಅಣ್ಣ ಒಬ್ಬನೇ. ಒಂದೇ ದಿನದ ಜ್ವರ, ಎಲ್ಲ ಮುಗಿದಿತ್ತು. ನಾನು ಬಸ್ಸಿಳಿಯುವಾಗ ಬೂದಿಯೂ ತಣ್ಣಗಾಗಿತ್ತು. ಅಣ್ಣ ಅತ್ತಿಗೆಯ ಮೂಲಕ ಹೇಳಿ ಕಳಿಸಿದ. “ಕೊನೆಗೆ ಅತ್ತೆ ಕರೆದದ್ದು ನಿನ್ನನ್ನಂತೆ. ‘ವಾರಿಜಾ ಬಂದ್ಲಾ, ವಾರಿಜಾ ಬಂದ್ಲಾ’ ಅಂತ ಕೇಳ್ತಾ ಇದ್ರಂತೆ. ಇವರು ಹೇಳಿದ್ರು” ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು. ಮೇಷ್ಟ್ರ ವಿಷಯದ ಸಿಟ್ಟು ಅದರ ಜಾಗದಲ್ಲಿ ಹಾಗೇ ಇತ್ತು, ಈ ಮಾತಿಗೆ ನಾನು ಬೇರೆಯೇ ಜಾಗ ಮಾಡಿಕೊಟ್ಟೆ. ಹದಿನಾಲ್ಕು ವರ್ಷ ಹೊಲಿಗೆ ಯಂತ್ರದ ಮುಂದೆ ಒಬ್ಬಳೇ ಕೂತಿದ್ದಾಗೆಲ್ಲ ನಾನು ಅದನ್ನು ನೆನೆದುಕೊಂಡಿದ್ದೇನೆ. ಯಾರಿಗೂ ಬೇಡದವಳು ಅನ್ನಿಸಿದ ದಿನಗಳಲ್ಲಿ ಹೆಚ್ಚು.

ಈ ವರ್ಷ ಮೀನಿನ ಕಾಲ ಮುಗಿಯುವ ಮೂರು ತಿಂಗಳ ಮೊದಲು ನನ್ನ ಸಿಟ್ಟು ಕಳೆದುಹೋಯಿತು. ನಾನೇನೂ ದೊಡ್ಡ ಮನಸ್ಸು ಮಾಡಿದ್ದಲ್ಲ. ದಕ್ಕೆಯಲ್ಲಿ ಅಣ್ಣ ಹರಿದ ಟಾರ್ಪಾಲು ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದ. ದಾರವನ್ನು ಬಾಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ, ಸೂಜಿಯನ್ನು ಕೈ ಹೋಗುವಷ್ಟು ದೂರ ಹಿಡಿದು, ಹತ್ತು ಸಲ ತಪ್ಪಿಸಿದ. ದಿನಕ್ಕೆ ನೂರು ಸಲ ದಾರ ಪೋಣಿಸುವ ನನ್ನ ಬೆರಳು ಸೆರಗಿನ ಒಳಗೆ ತಾನಾಗಿ ಆಡಿತು. ಅಯ್ಯೋ ಪಾಪ, ಇವನಿಗೂ ಚಾಳೀಸು ಬಂತಲ್ಲ ಅಂದುಕೊಂಡೆ. ಮನೆಗೆ ಬಂದು ಮೇಷ್ಟ್ರನ್ನು ನೆನೆದುಕೊಂಡೆ, ಆ ಅವಲಕ್ಕಿಯನ್ನು ನೆನೆದುಕೊಂಡೆ, ಅಣ್ಣನ ಆ ನಗುವನ್ನೂ ನೆನೆದುಕೊಂಡೆ. ಏನೂ ಆಗಲಿಲ್ಲ. ನಗು ಬಂತು.

ಮುಂದಿನ ಪರೀಕ್ಷೆಯ ಗುರುವಾರ ಶಾನುಭಾಗರು “ಜಲದುರ್ಗೆ” ಎಂದು ಕೂಗಿದಾಗ ನನ್ನ ಬಾಯಿ ತೆರೆಯಲಿಲ್ಲ. ಉಪ್ಪಿಲ್ಲ, ಡೀಸೆಲಿಲ್ಲ. ಶಾನುಭಾಗರು ಕನ್ನಡಕದ ಮೇಲಿಂದ ನೋಡಿದರು. ನಿಜ ಹೇಳಿದ್ದರೆ ಬೇರೆ ಬಾಯಿ ಸಿಗುವವರೆಗೆ ಬೋಟನ್ನು ದಕ್ಕೆಗೆ ಕಟ್ಟಿಹಾಕುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ನನಗೆ ನಾಚಿಕೆಯಾಯಿತು. ಊರಿನಲ್ಲಿ ನನ್ನ ಹೆಸರಿದ್ದದ್ದು ಅದೊಂದೇ ಪುಸ್ತಕದಲ್ಲಿ. ನಾನು ಗಂಟಲು ದಪ್ಪ ಮಾಡಿಕೊಂಡು, “ಜಲದುರ್ಗೆ. ಏಳು ಜನ. ಎಲ್ಲ ಸರಿ” ಅಂದೆ. ಹತ್ತೊಂಬತ್ತು ವರ್ಷ ಹೇಳಿದ ಬಾಯಿಗೆ ಅದೇನೂ ಕಷ್ಟವಲ್ಲ. ಶಾನುಭಾಗರು ಗುರುತು ಹಾಕಿದರು. ಅದರ ಮುಂದಿನ ತಿಂಗಳೂ ಹೀಗೆಯೇ ಮಾಡಿದೆ.

ಮಳೆಗಾಲಕ್ಕೆ ಕಡಲು ಮುಚ್ಚುವ ಮೊದಲು ಬೋಟುಗಳು ಕೊನೆಯ ಸಲ ಹತ್ತು ದಿನಕ್ಕೆಂದು ಹೊರಡುತ್ತವೆ. ಅಣ್ಣ ಹೊರಡುವ ಎರಡು ದಿನ ಮೊದಲು ಅವನ ಬೋಟಿನ ಏಳು ಜಾಕೆಟ್‌ಗಳು ರಿಪೇರಿಗೆ ನನ್ನಲ್ಲಿಗೆ ಬಂದವು. ಕುತ್ತಿಗೆಯ ಹಿಂದೆ ಏಳು ಹೆಸರುಗಳನ್ನು ನಾನೇ ಹಿಂದೊಮ್ಮೆ ಕಪ್ಪು ದಾರದಲ್ಲಿ ಹೊಲಿದಿದ್ದೆ. ಎರಡು ಪಟ್ಟಿ ಹೊಲಿದೆ, ಮೂರನೆಯದಕ್ಕೆ ಕೈ ಏಳಲಿಲ್ಲ. ಏಳು ಜನ ಮುಳುಗುತ್ತಾ ಕೂಗಿದರೂ ನಾನು ಇಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತೇನೆ ಎಂದು ಆಗ ಹೊಳೆದು ನನಗೆ ನಿಜವಾಗಿ ಹೆದರಿಕೆಯಾಯಿತು. ಸೀದಾ ಅಣ್ಣನ ಮನೆಗೆ ಹೋದೆ. ಅವನಿರಲಿಲ್ಲ, ಅತ್ತಿಗೆ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು.

“ಅತ್ತಿಗೆ, ನನ್ನ ಬಾಯಿ ಬಂದ್ ಆಗಿದೆ. ಎರಡು ತಿಂಗಳಾಯ್ತು. ಪರೀಕ್ಷೆಯಲ್ಲಿ ನಾನೇ ಹೇಳಿದ್ದು.”

ಅತ್ತಿಗೆ ಕೈಯಲ್ಲಿದ್ದ ಮೀನನ್ನು ಕೆಳಗೆ ಬಿಟ್ಟಳು. “ಎಂತ ಹೇಳ್ತಿ ವಾರಿಜಾ? ಸಿಟ್ಟು ಎಂತಕ್ಕೆ ಬಿಟ್ಟದ್ದು ನೀನು?”

“ಬಿಡ್ಬೇಕು ಅಂತ ಬಿಟ್ಟದ್ದಲ್ಲ ಅತ್ತಿಗೆ. ಅದೇ ಹೋಯ್ತು.”

“ಹೋಗುದಂದ್ರೆ ಹೇಗೆ? ಸೀಮೆಗಿಲ್ಲದ ಒಳ್ಳೆತನ ನಿಂಗೆ ಈಗ ಬರ್ಬೇಕಾ?” ಅವಳು ಅಲ್ಲೇ ಮೆಟ್ಟಿಲಿನ ಮೇಲೆ ಕೂತಳು. “ನಾನಾದ್ರೂ ಜಗಳ ಮಾಡುವ ಅಂದ್ರೆ ನಂಗೆ ಅವರ ಮೇಲೆ ಮಧ್ಯಾಹ್ನದ ಊಟದಿಂದ ಆಚೆಗೆ ಸಿಟ್ಟು ನಿಲ್ಲುದಿಲ್ಲ. ನೀನು ಮನೆಗೆ ಹೋಗು. ನಾನು ಅವರಿಗೂ ಶಾನುಭಾಗರಿಗೂ ಹೇಳ್ತೇನೆ.”

ಮರುದಿನ ಮಧ್ಯಾಹ್ನ ಅಣ್ಣ ನನ್ನ ಮನೆಗೆ ಬಂದ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ. ಚಪ್ಪಲಿಯನ್ನೂ ಕಳಚದೆ ಹೊಸ್ತಿಲಿನ ಹೊರಗೆ ನಿಂತ.

“ವಾರಿಜಾ, ಒಂದು ಮಾತು ಹೇಳ್ಲಿಕ್ಕೆ ಉಂಟು.”

ಆ ಸ್ವರವನ್ನು ನನ್ನ ಬಾಯಿಂದಲ್ಲದೆ ಅವನ ಬಾಯಿಂದಲೇ ಕೇಳಿ ಎಷ್ಟು ಕಾಲವಾಗಿತ್ತು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. “ಒಳಗೆ ಬಾ ಅಣ್ಣ, ಕೂತ್ಕೋ. ಬೆಲ್ಲ ನೀರು ತರ್ತೇನೆ” ಅಂದೆ.

“ಬೇಡ, ಕೂತ್ಕೊಳ್ಳಿಕ್ಕೆ ಬಂದದ್ದಲ್ಲ. ಅಮ್ಮ ಹೋಗುವಾಗ ನಿನ್ನನ್ನು ಕರೆದ್ರು ಅಂತ ಹೇಳಿ ಕಳಿಸಿದ್ದೆ ಅಲ್ವಾ? ಅದು ಸುಳ್ಳು.” ಅವನು ನನ್ನ ಮುಖ ನೋಡಲಿಲ್ಲ, ಹೊಲಿಗೆ ಯಂತ್ರವನ್ನು ನೋಡುತ್ತಿದ್ದ. “ವಾರಿಜನಿಗೆ ಹೇಳಿ ಕಳಿಸ್ಲಾ ಅಂತ ನಾನು ಕೇಳಿದೆ. ‘ಬೇಡ, ಅವಳು ಬರುದು ಬೇಡ, ಅವಳ ಮೋರೆ ನೋಡ್ಲಿಕ್ಕೆ ನಂಗೆ ಮನಸ್ಸಿಲ್ಲ’ ಅಂದ್ರು. ಅದೇ ಕೊನೆಯ ಮಾತು.”

ಇಷ್ಟು ಹೇಳಿ ಹೋದ. ಬೆಲ್ಲದ ಡಬ್ಬಿ ನನ್ನ ಕೈಯಲ್ಲೇ ಇತ್ತು. ಅವನು ಯಾಕೆ ಹೇಳಿದ ಎಂದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಯಿತು, ಆದರೂ ಸಿಟ್ಟು ಬಂತು. ಹೇಳಲು ಬೇರೆ ಸಾವಿರ ಮಾತಿದ್ದವು, ಇವನಿಗೆ ಇದೇ ಬೇಕಿತ್ತೇ? ಸುಳ್ಳೇ ಆಗಿದ್ದರೂ ಅದು ಎಲ್ಲಿ ನಾಟುತ್ತದೆಂದು ಅವನಿಗೆ ಗೊತ್ತಿತ್ತಲ್ಲ. ಆ ದಿನ ನಾನು ಊಟ ಮಾಡಲಿಲ್ಲ. ಏಳು ಜಾಕೆಟ್‌ಗಳನ್ನೂ ಹೊಲಿದು ಮುಗಿಸಿದೆ, ಪ್ರತಿ ಪಟ್ಟಿಗೂ ಮೂರು ಸಾಲು ಹೊಲಿಗೆ.

ಬೋಟು ಹೊರಡುವ ಬೆಳಿಗ್ಗೆ, ಅದು ಅಳಿವೆ ದಾಟಿದ ಕೂಡಲೇ, ಶಾನುಭಾಗರು ನನ್ನೊಬ್ಬಳನ್ನೇ ಬೆಂಚಿನಲ್ಲಿ ಕೂರಿಸಿ ವಿಶೇಷ ಪರೀಕ್ಷೆ ಇಟ್ಟರು. “ಎರಡು ತಿಂಗಳು ಎಂತ ಮಾಡಿದ್ದು ಅಂತ ನಾನು ಕೇಳುದಿಲ್ಲ ವಾರಿಜಮ್ಮ. ಇವತ್ತು ಮಾತ್ರ ತುಟಿ ಕಚ್ಚಿ ಹಿಡ್ಕೊಳ್ಳಿ” ಅಂದರು. ನಾನು ತುಟಿ ಕಚ್ಚಿ ಹಿಡಿದೆ. ತುಟಿ ಬಿಡಿಸಿಕೊಂಡು ಬಾಯಿ ತೆರೆಯಿತು, ಉಪ್ಪು ಡೀಸೆಲು ಒಟ್ಟಿಗೇ ಬಂದವು. “ಜಲದುರ್ಗೆ. ಏಳು ಜನ. ಎಲ್ಲ ಸರಿ.”

ನಮ್ಮಲ್ಲಿ ಬೋಟು ಹೊರಗಿರುವಷ್ಟು ದಿನ ಮಾತು ಬಿಟ್ಟವರ ಹತ್ತಿರ ಬರೆದುಕೊಳ್ಳುವವರೊಬ್ಬರು ಇರಬೇಕೆಂದು ಕ್ರಮ. ಬಾಯಿ ಇನ್ನೊಬ್ಬರ ವಶದಲ್ಲಿದ್ದಾಗ ನಮಗೆ ಬರೆಯಲಾಗುವುದಿಲ್ಲ, ಮುಗಿದ ಮೇಲೆ ಅಂಕಿಗಳು ನೆನಪಿರುವುದೂ ಇಲ್ಲ. ನನಗೆ ಬರೆದುಕೊಳ್ಳುವವಳು ಪಕ್ಕದ ಮನೆಯ ಕಲ್ಯಾಣಿಯಕ್ಕ. ಕುತ್ತಿಗೆಗೆ ಸ್ಲೇಟು ಕಟ್ಟಿಕೊಂಡು ನನ್ನ ಜಗಲಿಯಲ್ಲಿ ಬೀಡಿ ಸುತ್ತುತ್ತಾ ಕೂರುತ್ತಾಳೆ. ಆರನೆಯ ದಿನ ಸಂಜೆ ನಾಲ್ಕಕ್ಕೆ ಗಾಳಿ ಎದ್ದಿತ್ತು. ನಾನು ಜಾಕೆಟ್ಟಿನ ಗುಂಡಿ ಕಚ್ಚಿ ಹಿಡಿದಿದ್ದೆ, ಅದು ತಾನಾಗಿ ನೆಲಕ್ಕೆ ಬಿತ್ತು.

“ಜಲದುರ್ಗೆ, ಜಲದುರ್ಗೆ, ಜಲದುರ್ಗೆ. ದೀಪಸ್ತಂಭದಿಂದ ಪಡುವಣಕ್ಕೆ ಮೂವತ್ತೊಂದು ಮೈಲು. ಎಂಜಿನ್ ರೂಮಿಗೆ ನೀರು ನುಗ್ಗಿದೆ, ಪಂಪು ನಿಂತಿದೆ. ಏಳು ಜನ.”

ಕಲ್ಯಾಣಿಯಕ್ಕನ ಬಳಪ ಓಡಿತು. ಯಾರು, ಎಲ್ಲಿ, ಏನಾಯಿತು, ಎಷ್ಟು ಜನ. ಇದನ್ನೇ ಮೂರು ಸಲ ಹೇಳಬೇಕು, ತಾಂಡೇಲರಿಗೆ ಮೊದಲು ಕಲಿಸುವ ಪಾಠವದು. ಎರಡನೆಯ ಸಲವೂ ಅಣ್ಣ ಒಂದಕ್ಷರ ತಪ್ಪದೆ ಹೇಳಿದ. ಮೂರನೆಯ ಸಲಕ್ಕೆ ಸ್ವಲ್ಪ ಹೊತ್ತು ಗಾಳಿಯ ಸದ್ದಷ್ಟೇ ನನ್ನ ಬಾಯಿಂದ ಹೊರಟಿತು. ಆಮೇಲೆ ಅವನ ಸ್ವರ ಬಂತು: “ವಾರಿಜಾ. ಮೊನ್ನೆ ಹೇಳಿದ್ದು ಸುಳ್ಳು. ಅಮ್ಮ ನಿನ್ನನ್ನೇ ಕರೆದದ್ದು.”

ನನ್ನ ಬಾಯಿ ಮುಚ್ಚಿತು. ಉಪ್ಪಿನ ರುಚಿ ಹೋಯಿತು. ಕಲ್ಯಾಣಿಯಕ್ಕ ಅಭ್ಯಾಸಬಲದಿಂದ ಅದನ್ನೂ ಬರೆದುಕೊಂಡಿದ್ದಳು. ಇಬ್ಬರೂ ಕಚೇರಿಗೆ ಓಡಿದೆವು. ಶಾನುಭಾಗರು ಸ್ಲೇಟನ್ನು ಓದಿ, ಕೊನೆಯ ಸಾಲನ್ನು ಹೆಬ್ಬೆರಳಿನಿಂದ ಒರೆಸಿ, ಉಳಿದದ್ದನ್ನು ರಕ್ಷಣಾ ಬೋಟಿನವರಿಗೆ ಕೊಟ್ಟರು. ಕಾಲು ಗಂಟೆಯಲ್ಲಿ ಅದು ಹೊರಟಿತು.

ಆದರೆ ಗಾಳಿ ತೆಂಕಣದಿಂದ ಬೀಸುತ್ತಿತ್ತು. ಎಂಜಿನ್ ನಿಂತ ಬೋಟು ಹೇಳಿದ ಜಾಗದಲ್ಲಿ ನಿಂತಿರುವುದಿಲ್ಲ. ಎಲ್ಲಿಗೆ ತೇಲಿತೆಂದು ಅಣ್ಣ ಮತ್ತೆ ಹೇಳಬೇಕು, ಹೇಳಲು ನನ್ನ ಬಾಯಿ ಬೇಕು. ನನಗೋ ಸಿಟ್ಟು ಹನಿಯಷ್ಟೂ ಉಳಿದಿರಲಿಲ್ಲ. ಅರ್ಧ ಗಂಟೆಯಲ್ಲಿ ಉಳಿದ ಆರು ಮನೆಯ ಹೆಂಗಸರು ನನ್ನ ಬೆಂಚಿನ ಸುತ್ತ ಸೇರಿದರು. ನನ್ನಣ್ಣನನ್ನು ಬೈಯಲು ಶುರುಮಾಡಿದರು. ಸಣ್ಣವನಿದ್ದಾಗ ನನ್ನ ಜಡೆ ಕತ್ತರಿಸಿದ್ದು, ಅಪ್ಪನ ಕೊಡೆಯನ್ನು ಹೊಳೆಗೆ ಬಿಟ್ಟು ನನ್ನ ಹೆಸರು ಹೇಳಿದ್ದು, ಎಲ್ಲ ಹೊರಗೆ ಬಂತು. ಎಲ್ಲರಿಗಿಂತ ಜೋರಾಗಿ ಬೈದವಳು ಜಲಜತ್ತಿಗೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ನಿನ್ನ ಬಾಳು ಹಾಳು ಮಾಡಿದ್ದು ಅವರು! ಆ ಮೇಷ್ಟ್ರನ್ನು ನೆನಪು ಮಾಡು ಮಾರಾಯ್ತಿ. ಎಷ್ಟು ಚಂದ ಇದ್ರು!”

“ಅವರ ಮೋರೆಯೇ ನೆನಪಿಗೆ ಬರುದಿಲ್ಲ ಅತ್ತಿಗೆ. ಅಣ್ಣ ಸೂಜಿ ಹಿಡಿದದ್ದೇ ಕಾಣ್ತದೆ.”

ಅವಳು ನನ್ನ ಕೆನ್ನೆಗೆ ಒಂದು ಏಟು ಕೊಟ್ಟಳು. ಆಮೇಲೆ ನನ್ನನ್ನು ಹಿಡಿದುಕೊಂಡು ಕೂತಳು. ಪರೀಕ್ಷೆಯ ಹೊತ್ತು ಬಿಟ್ಟರೆ ದಡಕ್ಕೆ ಬರುವುದು ಅಪಾಯದ ಕೂಗು ಮಾತ್ರ; ಹುಡುಕಲು ಹೋದ ಬೋಟು ಕ್ಷೇಮವಾಗಿದ್ದರೆ ಅದರಿಂದ ಸುದ್ದಿ ಬರುವ ದಾರಿಯಿಲ್ಲ, ಹಾಗಾಗಿ ನಾವು ಕಾದೆವು. ನಾನು ಕ್ಷಮಿಸಿದ ತಪ್ಪಿಗೆ ಏಳು ಮನೆಯವರು ಬೆಂಚಿನಲ್ಲಿ ಕಾಯುವುದನ್ನು ನೋಡಿದೆ. ಅಂಥದ್ದು ಯಾರಿಗೂ ಬೇಡ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ರಕ್ಷಣಾ ಬೋಟು ಅಳಿವೆಯೊಳಗೆ ಬಂತು, ಹಿಂದೆ ಅರ್ಧ ಮುಳುಗಿದ ‘ಜಲದುರ್ಗೆ’ಯನ್ನು ಎಳೆದುಕೊಂಡು. ಬಡಗಣಕ್ಕೆ ಒಂಬತ್ತು ಮೈಲು ತೇಲಿಹೋಗಿತ್ತಂತೆ. ಬೆಳಕು ಹರಿದ ಮೇಲೆ ಯಾರಿಗೋ ದೂರದಲ್ಲಿ ಕೇಸರಿ ಬಣ್ಣ ಕಂಡಿತಂತೆ. ಏಳು ಜಾಕೆಟ್, ಏಳು ಜನ. ನಾನು ಎರಡು ಸಲ ಎಣಿಸಿದೆ.

ಅಣ್ಣ ಬೆಡ್‌ಶೀಟು ಹೊದ್ದುಕೊಂಡು ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅತ್ತಿಗೆ ಒಣ ಬಟ್ಟೆ ತರಲು ಹೋಗಿದ್ದಳು. ನಾನು ಅವನ ಪಕ್ಕದಲ್ಲಿ ಕೂತೆ. ಕೇಳಲು ನನಗಿದ್ದದ್ದು ಒಂದೇ.

“ಅಣ್ಣ, ಅಮ್ಮ ಹೇಗೆ ಕರೆದದ್ದು? ಜೋರಾಗಿಯಾ, ಮೆಲ್ಲಗೆಯಾ?”

ಅವನು ಲೋಟದೊಳಗೆ ನೋಡಿದ. “ನಿನ್ನ ಹತ್ರ ಇನ್ನು ಸುಳ್ಳು ಬೇಡ. ನಾನು ಇರ್ಲಿಲ್ಲ ವಾರಿಜಾ.”

“ಎಲ್ಲಿ ಇರ್ಲಿಲ್ಲ?”

“ಮನೆಯಲ್ಲಿ. ಐಸು ಬಂದಿತ್ತು, ಬೋಟಿಗೆ ತುಂಬಿಸ್ಲಿಕ್ಕೆ ಹೋದೆ. ಅರ್ಧ ಗಂಟೆ ಅಂತ ಹೋದದ್ದು, ಅಲ್ಲಿ ಅವರಿವರ ಹತ್ರ ಮಾತಾಡ್ತಾ ಮಧ್ಯಾಹ್ನ ಆಯ್ತು. ಬರುವಾಗ ಮುಗಿದಿತ್ತು. ಗಂಜಿಯ ಲೋಟ ಕೆಳಗೆ ಬಿದ್ದಿತ್ತು.”

“ಹಾಗಾದ್ರೆ ಅಮ್ಮ ಯಾರನ್ನು ಕರೆದದ್ದು?”

“ಯಾರಿಗೆ ಗೊತ್ತು.”

ನಮ್ಮ ಅಮ್ಮ ಜನ್ಮದಲ್ಲಿ ಯಾರೊಡನೆಯೂ ಮಾತು ಬಿಟ್ಟವಳಲ್ಲ. ಬೈದವರಿಗೂ ಮರುದಿನ ಉಪ್ಪಿನಕಾಯಿ ಕೊಟ್ಟು ಬರುತ್ತಿದ್ದಳು. ಕಡಲಿನ ಕೂಗಿಗೆ ಬಾಯಿ ಸಿಗುವ ಈ ಊರಿನಲ್ಲಿ ಅವಳು ಒಳಕೋಣೆಯಿಂದ ಕೂಗಿದ್ದಕ್ಕೆ ಒಬ್ಬರ ಬಾಯಿಯೂ ಇರಲಿಲ್ಲ. ಇದು ಆ ಬೆಂಚಿನಲ್ಲಿ ಕೂತಲ್ಲೇ ನನಗೆ ಹೊಳೆಯಿತು. ನಾನು ಎದ್ದೆ. “ವಾರಿಜಾ” ಎಂದು ಅಣ್ಣ ಕರೆದ. ಓಗೊಡಲಿಲ್ಲ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹದಿನಾಲ್ಕು ವರ್ಷದ ಹಿಂದೆ ಅಳಬೇಕಾದದ್ದು ಅದರಲ್ಲಿ ಬಹಳಷ್ಟಿತ್ತು.

ಕಡಲು ಮುಚ್ಚಿದ ಎರಡು ತಿಂಗಳಲ್ಲಿ ಬೋಟು ರಿಪೇರಿಯಾಯಿತು. ಅಣ್ಣ ಎರಡು ಸಲ ನನ್ನ ಗೇಟಿನವರೆಗೆ ಬಂದು ಹಿಂದೆ ಹೋದನೆಂದು ಕಲ್ಯಾಣಿಯಕ್ಕ ಹೇಳಿದಳು. ಒಮ್ಮೊಮ್ಮೆ ಅನುಮಾನವಾಗುತ್ತದೆ. ಅಮ್ಮನ ಕೊನೆಯ ಬಗ್ಗೆ ಮೂರು ಬಗೆಯ ಮಾತು ಹೇಳಿದವನು ಅವನು, ತಾನು ಮನೆಯಲ್ಲಿರಲಿಲ್ಲವೆಂಬ ಮೂರನೆಯದೂ ನನ್ನ ಬಾಯಿ ತೆರೆಸಲೆಂದೇ ಹೇಳಿದ್ದಿರಬಹುದು. ಕೇಳಿದರೆ ತಿಳಿದೀತು. ಆದರೆ ಅವನು ನಕ್ಕು ‘ಹೌದು ಮಾರಾಯ್ತಿ’ ಅಂದುಬಿಟ್ಟರೆ ಏಳು ಜನರ ಕ್ಷೇಮಕ್ಕೆ ಏನು ಗತಿ? ನಾನು ಕೇಳಲಿಲ್ಲ.

ಮಳೆಗಾಲ ಕಳೆದ ಮೊದಲ ಗುರುವಾರ ಹತ್ತಕ್ಕೆ ನಾನು ಬೆಂಚಿನಲ್ಲಿ ಕೂತಿದ್ದೆ. ಶಾನುಭಾಗರು ಹೆಸರು ಕೂಗಿದರು. ಕಣ್ಣು ಮುಚ್ಚುವ ಮೊದಲೇ ಉಪ್ಪು ಬಂತು, ಡೀಸೆಲು ಬಂತು. ಅಣ್ಣನ ಸ್ವರವೂ ಬಂತು. “ಜಲದುರ್ಗೆ. ಏಳು ಜನ. ಎಲ್ಲ ಸರಿ.”

ಶಾನುಭಾಗರು ಗುರುತು ಹಾಕಿದರು. ಪೆನ್ನನ್ನು ಕೊನೆಯ ಕಾಲಮ್ಮಿಗೆ ತಂದು ನಿಲ್ಲಿಸಿದರು. ಹಳೆಯ ‘ಮದುವೆ’ಯ ಮೇಲೆ ಅಡ್ಡಗೆರೆ ಎಳೆದಿತ್ತು.

“ಕಾರಣ ಎಂತ ಬರೆಯುದು ವಾರಿಜಮ್ಮ?”

ನಾನು ನೀರು ಕುಡಿದು ಲೋಟ ಕೆಳಗಿಟ್ಟೆ.

“ಐಸು ಅಂತ ಬರೀರಿ.”